ಕುಂಬಳೆ ಸೀಮೆಯ ಯಕ್ಷಗಾನ ಭಾಗವತರು

ತೆಂಕುತಿಟ್ಟಿನ, ಅಂದರೆ ದಕ್ಷಿಣ ಶೈಲಿಯ, ಯಕ್ಷಗಾನದಲ್ಲಿ ಪ್ರಸಂಗದ ಪದ್ಯಗಳನ್ನು ಹಾಡಿ, ಹಿಮ್ಮೇಳವನ್ನು ಮುನ್ನಡೆಸಿ, ರಂಗಸ್ಥಳದಲ್ಲಿದ್ದುಕೊಂಡೇ ಇಡೀ ಆಟವನ್ನು ನಿರ್ದೇಶಿಸುವ ಕಲಾವಿದನಿಗೆ ಭಾಗವತನೆಂದು ಹೆಸರು. ಇಂದಿನ ಕೇರಳದ ಕಾಸರಗೋಡು ಜಿಲ್ಲೆಯ ಉತ್ತರ ಭಾಗವನ್ನು ಒಳಗೊಂಡ ಹಳೆಯ ಕುಂಬಳೆ ಸೀಮೆ ಇಂಥ ಭಾಗವತರನ್ನು ಹಲವು ತಲೆಮಾರುಗಳಿಂದ ಕೊಡುತ್ತ ಬಂದಿರುವ ನೆಲವಾಗಿದ್ದು, ಇಲ್ಲಿ ಹಾಡುಗಾರಿಕೆ, ಪ್ರಸಂಗರಚನೆ ಮತ್ತು ಪಾಠ ಹೇಳುವುದು ಎಂಬ ಮೂರು ಕೆಲಸಗಳು ಬಹುಮಟ್ಟಿಗೆ ಒಬ್ಬನೇ ವ್ಯಕ್ತಿಯ ಬದುಕಿನಲ್ಲಿ ಕೂಡಿಕೊಂಡು ಬೆಳೆದಿವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯೂ, ತುಳುವಿನ ಮೊದಲ ಪ್ರಸಂಗ ಹುಟ್ಟಿದ ಬಾಯಾರೂ, ಕಟೀಲು ದೇವಳದ ಮೇಳದ, ಅಂದರೆ ಯಕ್ಷಗಾನ ತಂಡದ, ಭಾಗವತರಾಗಿದ್ದ ಕುಬಣೂರು ಶ್ರೀಧರ ರಾಯರ ಹೆಸರಿನೊಡನೆ ಸೇರಿಕೊಂಡ ಕುಬಣೂರೂ ಈ ಸೀಮೆಯ ಊರುಗಳೇ. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮತ್ತು ಉರ್ದು ಮಾತನಾಡುವ ಜನ ಒಟ್ಟಿಗೆ ಬಾಳುವ ಈ ಸೀಮೆಯಲ್ಲಿ, ಮನೆಯಲ್ಲಿ ಬೇರೆ ನುಡಿಯಾಡುವವರಿಗೂ ಪುರಾಣಕಥೆಯ ಕನ್ನಡವನ್ನು ಕಿವಿಗೆ ಹಾಕಿದ್ದು ಮುಖ್ಯವಾಗಿ ಭಾಗವತನ ಕಂಠವೇ.

ಯಕ್ಷಗಾನದ ವಾದನ ಮತ್ತು ಗಾಯನದ ತಂಡಕ್ಕೆ ಹಿಮ್ಮೇಳವೆಂದೂ ವೇಷಧಾರಿಗಳ ತಂಡಕ್ಕೆ ಮುಮ್ಮೇಳವೆಂದೂ ಹೇಳುತ್ತಾರೆ. ತೆಂಕಿನ ಹಿಮ್ಮೇಳದಲ್ಲಿ ಭಾಗವತನ ಕೈಯ ಜಾಗಟೆ, ಅಡ್ಡವಾಗಿಟ್ಟು ಎರಡೂ ಕಡೆ ಬಾರಿಸುವ ಮದ್ದಳೆ, ಕೋಲುಗಳಿಂದ ಬಡಿಯುವ ಚೆಂಡೆ, ಕಂಚಿನ ಚಕ್ರತಾಳ ಹಾಗೂ ಶ್ರುತಿಗಾಗಿ ಒಂದು ವಾದ್ಯ ಇರುತ್ತವೆ. ಶ್ರುತಿಗೆ ಹಿಂದೆ ಸೋರೆಬುರುಡೆಯ ಪುಂಗಿಯನ್ನು ಊದುತ್ತಿದ್ದರು. ಅದರ ಜಾಗಕ್ಕೆ ಹಾರ್ಮೋನಿಯಂ ಬಂದು, ಈಗ ವಿದ್ಯುತ್ ಶ್ರುತಿಪೆಟ್ಟಿಗೆ ನೆಲೆಯೂರಿದೆ. ಭಾಗವತನನ್ನು ಮೇಳದವರು ಮೊದಲನೆಯ ವೇಷವೆಂದು ಕರೆಯುವುದರಲ್ಲಿ ಅವನ ಸ್ಥಾನ ಸ್ಪಷ್ಟವಾಗುತ್ತದೆ. ನೆರೆಯ ಕಥಕಳಿಯಲ್ಲಿಯೂ ಪೊನ್ನಾನಿ ಎನ್ನುವ ಮುಖ್ಯ ಗಾಯಕ ಚೇಂಗಿಲೆ ಎಂಬ ಜಾಗಟೆ ಹಿಡಿದು ಹಾಡುತ್ತಾನಾದರೂ ಅಲ್ಲಿ ನಟರು ಮಾತನಾಡುವುದಿಲ್ಲವಾದ್ದರಿಂದ ಸಾಹಿತ್ಯ ಪೂರ್ತಿಯಾಗಿ ಹಾಡಿನಲ್ಲಿಯೇ ಸಾಗುತ್ತದೆ. ಯಕ್ಷಗಾನದಲ್ಲಾದರೋ ಪದ್ಯದ ಬೆನ್ನಿಗೆ ವೇಷಧಾರಿ ಆಗಿಂದಾಗ್ಗೆ ಕಟ್ಟಿದ ಮಾತನ್ನು, ಅಂದರೆ ಅರ್ಥವನ್ನು, ಹೇಳುತ್ತಾನೆ. ಆ ಮಾತಿಗೆ ಬರೆದಿಟ್ಟ ಪಾಠವಿಲ್ಲದ ಕಾರಣ ಅದು ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮುಂದಿನ ಪದ ಎತ್ತುವ ಗಳಿಗೆಯನ್ನು ಆರಿಸುವ ಮೂಲಕ ಭಾಗವತನೇ ತೀರ್ಮಾನಿಸುತ್ತಾನೆ. ರಾಜವೇಷ ಪ್ರವೇಶಿಸಿದಾಗ ಪರಿಚಯ ಕೇಳುವವನೂ, ಪಾತ್ರ ಸಂಶಯಕ್ಕೆ ಬಿದ್ದಾಗ ಸಂಭಾಷಿಸುವವನೂ, ಹೊಸ ವೇಷಧಾರಿ ದಾರಿ ತಪ್ಪಿದಾಗ ಒಂದು ಪ್ರಶ್ನೆಯಿಂದ ಕಥೆಯನ್ನು ಮರಳಿ ತರುವವನೂ ಅವನೇ ಆಗಿರುವುದರಿಂದ, ಇಂಪಾದ ಶಾರೀರವಿದ್ದ ಮಾತ್ರಕ್ಕೆ ಯಾರೂ ಭಾಗವತರಾಗುವುದಿಲ್ಲ.

ಬೆಳಗಿನವರೆಗೆ ನಡೆಯುವ ಆಟದಲ್ಲಿ ಈ ದುಡಿಮೆ ಸರದಿಯ ಮೇಲೆ ಹಂಚಿಕೆಯಾಗಿರುತ್ತದೆ. ಸಂಜೆ ಚೆಂಡೆ ಮದ್ದಳೆಗಳ ಕೇಳಿ ಬಾರಿಸಿ ಊರಿಗೆ ಆಟದ ಸುದ್ದಿ ಮುಟ್ಟಿಸಿದ ಮೇಲೆ, ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯಲ್ಲಿ ಪೂಜೆ ನಡೆದು ಭಾಗವತನ ಕೈಗೆ ಜಾಗಟೆ ಬರುತ್ತದೆ. ಕೋಡಂಗಿ, ಬಾಲಗೋಪಾಲ, ಮುಖ್ಯ ಸ್ತ್ರೀವೇಷ ಮೊದಲಾದವುಗಳಿಂದ ಕೂಡಿದ ಪೂರ್ವರಂಗವನ್ನು ಸಂಗೀತಗಾರನೆಂದು ಕರೆಯಲಾಗುವ ಕಿರಿಯ ಹಾಡುಗಾರ ನಡೆಸುತ್ತಾನೆ. ಪ್ರಸಂಗದ ಮೊದಲ ಭಾಗಕ್ಕೆ ಎರಡನೆಯ ಭಾಗವತ ಕೂರುತ್ತಾನೆ. ನಡುರಾತ್ರಿಯ ಬಳಿಕ, ಕಥೆಯ ತಿರುಳೂ ದೊಡ್ಡ ವೇಷಗಳೂ ಬರುವ ಹೊತ್ತಿಗೆ, ಪ್ರಧಾನ ಭಾಗವತ ಪದ ಎತ್ತಿ ಬೆಳಗಿನ ಮಂಗಳದವರೆಗೆ ನಡೆಸುತ್ತಾನೆ. ಈ ಸರದಿಯೇ ಒಂದು ಗುರುಕುಲವಾಗಿದ್ದು, ಸಂಗೀತಗಾರನಾಗಿ ಸೇರಿದ ಹುಡುಗ ತನ್ನ ಪಾಲಿನ ಕೆಲಸ ಮುಗಿದ ಬಳಿಕ ಮಲಗದೆ ಹಿರಿಯರ ಹಾಡು ಕೇಳುತ್ತ, ಯಾವ ವೇಷಧಾರಿಗೆ ಯಾವ ಕಾಲದಲ್ಲಿ, ಅಂದರೆ ಯಾವ ವೇಗದಲ್ಲಿ, ಹಾಡಬೇಕೆಂಬುದನ್ನು ನೋಡಿ ತಿಳಿಯುತ್ತಿದ್ದ. ಇತ್ತೀಚಿನ ದಶಕಗಳಲ್ಲಿ ಹೆಚ್ಚಿರುವ ಕಾಲಮಿತಿ ಪ್ರದರ್ಶನಗಳಲ್ಲಿ ಆಟ ನಡುರಾತ್ರಿಯ ಆಸುಪಾಸಿನಲ್ಲಿಯೇ ಮುಗಿಯುವುದರಿಂದ ಕಲಾವಿದರ ಆರೋಗ್ಯಕ್ಕೆ ಅನುಕೂಲವಾಗಿರುವುದು ನಿಜ. ಆದರೆ ಕಿರಿಯರು ಹಾಡುವ ಅವಧಿ ಕುಗ್ಗಿರುವುದೂ, ವಿಳಂಬ ಕಾಲದ ಪದ್ಯಗಳನ್ನು ಬಿಟ್ಟುಬಿಡುವ ರೂಢಿ ಬೆಳೆದಿರುವುದೂ ಈ ಕಲೆಗೆ ಆಗಿರುವ ದೊಡ್ಡ ನಷ್ಟವೇ ಸರಿ.

ಮೇಳದ ವರ್ಷ ದೀಪಾವಳಿಯ ಬಳಿಕ ಆರಂಭವಾಗಿ, ತುಳು ತಿಂಗಳಾದ ಬೇಶದ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಮುಗಿಯುತ್ತದೆ. ಗೆಜ್ಜೆ ಕಟ್ಟಿದಂದಿನಿಂದ ಗೆಜ್ಜೆ ಬಿಚ್ಚುವವರೆಗಿನ ಈ ಅವಧಿಗೆ ತಿರುಗಾಟವೆಂದು ಹೆಸರು. ಭಕ್ತರು ಹರಕೆ ಹೊತ್ತು ಆಡಿಸುವ ಬಯಲಾಟಗಳ ಮೇಳಗಳಲ್ಲಿ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಆಟವಿರುತ್ತದೆ. ಕಟೀಲು ದುರ್ಗಾಪರಮೇಶ್ವರಿ ದೇವಳದಂಥ ಕ್ಷೇತ್ರ ಒಂದಕ್ಕಿಂತ ಹೆಚ್ಚು ಮೇಳಗಳನ್ನು ಹೊರಡಿಸಿದರೂ ಹರಕೆಯ ಆಟಕ್ಕೆ ಜನ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಕಾಸರಗೋಡಿನ ನೆಲದಲ್ಲಿಯೇ ಹುಟ್ಟಿದ ಕೂಡ್ಲು, ಕುಂಬಳೆ ಮತ್ತು ಮಲ್ಲ ಮೇಳಗಳು ಊರಿನ ಕಲಾವಿದರಿಗೆ ಮೊದಲ ಮೆಟ್ಟಿಲಾಗಿದ್ದವು. 20ನೆಯ ಶತಮಾನದ ನಡುಭಾಗದಿಂದ ಟಿಕೇಟಿನ ಡೇರೆ ಮೇಳಗಳು ಪ್ರಬಲವಾದಾಗ ಹೊಸ ಕಥೆ, ಹೊಸ ಹಾಡುಗಳ ಬೇಡಿಕೆ ಹೆಚ್ಚಿ, ಭಾಗವತರಿಗೆ ತಾರಾಮೌಲ್ಯವೂ ಬಂದಿತು. ಟೆಲಿವಿಷನ್ ಬಂದ ಮೇಲೆ ಡೇರೆಗಳು ಇಳಿಮುಖವಾಗಿ ಹರಕೆ ಮೇಳಗಳೇ ಮತ್ತೆ ಮುಖ್ಯ ಆಸರೆಯಾದವು.

ಕಲಾವಿದ ಒಂದು ತಿರುಗಾಟಕ್ಕೆ ಮೇಳದ ಯಜಮಾನರೊಡನೆ ಸಂಬಳವನ್ನು ಒಪ್ಪಿಕೊಂಡು, ಸಾಮಾನ್ಯವಾಗಿ ಒಂದಿಷ್ಟು ಮುಂಗಡ ಪಡೆದು ಸೇರುತ್ತಾನೆ. ಮಳೆಗಾಲದ ಐದಾರು ತಿಂಗಳು ಮೇಳದ ಆದಾಯವಿರುವುದಿಲ್ಲ. ಆಗ ತಾಳಮದ್ದಳೆ, ಅಂದರೆ ವೇಷವೂ ಕುಣಿತವೂ ಇಲ್ಲದೆ ಹಾಡು ಮತ್ತು ಅರ್ಥಗಳಿಂದಲೇ ನಡೆಯುವ ಕೂಟ, ಭಾಗವತನಿಗೆ ಮುಖ್ಯ ಕಾರ್ಯಕ್ಷೇತ್ರವಾಗುತ್ತದೆ. ಕೆಲವರು ಎರಡು ವೇಷಗಳೊಡನೆ ಸಂಜೆ ಮನೆಮನೆಗೆ ಹೋಗಿ ಪುಟ್ಟ ಕಥಾಭಾಗ ಆಡುವ ಚಿಕ್ಕಮೇಳಕ್ಕೆ ಸೇರುತ್ತಾರೆ. ಹಲವರು ಅಡಿಕೆ ತೋಟ, ಗದ್ದೆ, ಪೌರೋಹಿತ್ಯ ಅಥವಾ ಸಣ್ಣ ವ್ಯಾಪಾರಕ್ಕೆ ಮರಳುತ್ತಾರೆ. ಹಿಂದಿನ ಕಾಲದಲ್ಲಿ ಭಾಗವತಿಕೆಯೊಂದರಿಂದಲೇ ಸಂಸಾರ ಸಾಗಿಸಿದವರು ಕಡಿಮೆ. ಅಡಿಕೆಯ ಬೆಲೆ ಮತ್ತು ಮೇಳದ ಸಂಬಳ ಎರಡನ್ನೂ ನಂಬಿ ಬದುಕಿದವರೇ ಹೆಚ್ಚು. ಮಳೆಗಾಲವೇ ಪ್ರಸಂಗ ಬರೆಯುವ ಹಾಗೂ ಶಿಷ್ಯರನ್ನು ತಿದ್ದುವ ಕಾಲವೂ ಆಗಿದ್ದುದು ವೃತ್ತಿಯ ಈ ಲಯದಿಂದಲೇ.

ಪ್ರಸಂಗವೆಂದರೆ ಆಟಕ್ಕೆ ಆಧಾರವಾದ ಪದ್ಯಕಾವ್ಯ. ಅದರಲ್ಲಿ ಮುಖ್ಯವಾದುವು ರಾಗ ತಾಳಗಳನ್ನು ತಲೆಯಲ್ಲಿ ಹೊತ್ತ ಪದಗಳು. ಅವುಗಳ ನಡುವೆ ಕಥೆಯನ್ನು ಮುನ್ನಡೆಸಲು ಭಾಮಿನಿ ಮತ್ತು ವಾರ್ಧಕ ಷಟ್ಪದಿ, ಕಂದ, ದ್ವಿಪದಿ, ವೃತ್ತಗಳು ಬರುತ್ತವೆ. ಭಾಮಿನಿಯನ್ನು ಸಾಮಾನ್ಯವಾಗಿ ತಾಳವಿಲ್ಲದೆ ರಾಗವನ್ನಷ್ಟೇ ಹಿಡಿದು ಹಾಡುವುದರಿಂದ, ಕುಣಿತದ ಬಳಿಕ ರಂಗಕ್ಕೆ ಒಂದು ನಿಲುಗಡೆ ಸಿಗುತ್ತದೆ. ಪದಗಳನ್ನು ಕಟ್ಟುವ ಅಚ್ಚಿಗೆ ಮಟ್ಟು ಎಂದು ಹೆಸರು. ಹಿಂದೆ ಪ್ರಸಿದ್ಧವಾದ ಒಂದು ಪದದ ಮಾತ್ರಾವಿನ್ಯಾಸ, ಸಾಲಿನ ಉದ್ದ, ಪ್ರಾಸದ ಜಾಗ ಮತ್ತು ಧಾಟಿಯನ್ನು ಮಾದರಿಯಾಗಿಟ್ಟುಕೊಂಡು ಹೊಸ ಮಾತುಗಳನ್ನು ತುಂಬುವುದು ಇದರ ಕ್ರಮ. ತ್ರಿವುಡೆಗೆ ಏಳು, ಝಂಪೆಗೆ ಹತ್ತು, ರೂಪಕಕ್ಕೆ ಆರು, ಏಕತಾಳಕ್ಕೆ ನಾಲ್ಕು ಎಂಬ ಎಣಿಕೆಗೆ ಮಾತು ಕೂರಬೇಕಾಗಿದ್ದು, ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರಬೇಕೆನ್ನುವ ಆದಿಪ್ರಾಸವನ್ನೂ ಪಾಲಿಸಬೇಕಾಗುತ್ತದೆ. ಛಂದಸ್ಸು ಸರಿಯಿದ್ದರೂ ರಂಗದಲ್ಲಿ ಸೋಲುವ ಪದಗಳು ಅನೇಕ. ಉಸಿರು ತೆಗೆದುಕೊಳ್ಳಲು ಎಡೆಯಿಲ್ಲದ ಸಾಲು, ಕೊನೆಯಲ್ಲಿ ಕುಣಿತಕ್ಕೆ ಬೀಸು ಕೊಡದ ಶಬ್ದ, ಅರ್ಥಧಾರಿಗೆ ಹೇಳಲು ಏನನ್ನೂ ಉಳಿಸದ ವಿವರಣೆ ಇವು ಅಂಥ ಸೋಲಿನ ಸಾಮಾನ್ಯ ಕಾರಣಗಳು. ಹಾಡಿ ಬಲ್ಲವನು ಬರೆದ ಪ್ರಸಂಗ ಬಾಳುವುದೂ, ಪಂಡಿತನೊಬ್ಬ ಕುಳಿತು ಬರೆದದ್ದು ಪುಸ್ತಕದಲ್ಲಿಯೇ ಉಳಿಯುವುದೂ ಇದರಿಂದಲೇ.

ಈ ಪರಂಪರೆಯ ತಲೆಯಲ್ಲಿ ನಿಲ್ಲುವವನು ಕುಂಬಳೆಯ ಕಣಿಪುರ ಗೋಪಾಲಕೃಷ್ಣನ ಭಕ್ತನಾಗಿದ್ದ ಪಾರ್ತಿಸುಬ್ಬ. ಪುತ್ರಕಾಮೇಷ್ಟಿಯಿಂದ ಕುಶಲವರ ಕಾಳಗದವರೆಗೆ ರಾಮಾಯಣವನ್ನು ಪ್ರಸಂಗಗಳ ಸರಣಿಯಾಗಿ ಕಟ್ಟಿದ ಕೀರ್ತಿ ಅವನದೆಂಬುದು ತೆಂಕುತಿಟ್ಟಿನ ನಂಬಿಕೆ. ಮುಳಿಯ ತಿಮ್ಮಪ್ಪಯ್ಯನವರು ಅವನ ಬಗ್ಗೆ ಗ್ರಂಥ ಬರೆದು ಈ ನಂಬಿಕೆಗೆ ಶಾಸ್ತ್ರೀಯ ಆಧಾರ ಕೊಡಲೆತ್ನಿಸಿದರೆ, ಶಿವರಾಮ ಕಾರಂತರು ಕರ್ತೃತ್ವವನ್ನು ಒಪ್ಪದೆ ಬ್ರಹ್ಮಾವರದ ಕಡೆಯ ಕವಿಯತ್ತ ಬೆರಳು ತೋರಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪ್ರಸಂಗಗಳನ್ನು ಸಂಪಾದಿಸಿ ಕುಂಬಳೆಯ ಪಕ್ಷವನ್ನು ಎತ್ತಿಹಿಡಿದರು. ಕಾಲ ಮತ್ತು ಕರ್ತೃತ್ವದ ಈ ಚರ್ಚೆ ಎಲ್ಲಿಯೇ ನಿಲ್ಲಲಿ, ಪಂಚವಟಿ, ವಾಲಿಸುಗ್ರೀವರ ಕಾಳಗ, ಅಂಗದ ಸಂಧಾನಗಳ ಪದಗಳು ಇಂದಿಗೂ ಹೊಸ ಭಾಗವತ ಕಲಿಯುವ ಮೊದಲ ಪದಗಳಾಗಿರುವುದು, ಮುಂದಿನ ಕವಿಗಳಿಗೆ ಮಟ್ಟುಗಳ ಭಂಡಾರವಾಗಿರುವುದು ನಿರ್ವಿವಾದ. ಬಾಯಾರಿನ ಸಂಕಯ್ಯ ಭಾಗವತರು ಇದೇ ಪಂಚವಟಿಯ ಕಥೆಯನ್ನು ತುಳುವಿಗೆ ತಂದರು. 1887ರಲ್ಲಿ ಅಚ್ಚಾದ ಅದು ತುಳುವಿನ ಮೊದಲ ಯಕ್ಷಗಾನ ಪ್ರಸಂಗವೆಂದು ಮನ್ನಣೆ ಪಡೆದಿದೆ. ಹಾಡುವ ಭಾಗವತನೇ ಈ ಕೆಲಸ ಮಾಡಿದ್ದರಿಂದ ಕನ್ನಡದ ಮಟ್ಟುಗಳು ಮುರಿಯದೆ ತುಳು ಮಾತಿಗೆ ಒದಗಿದವು. ಡೇರೆ ಮೇಳಗಳ ಕಾಲದಲ್ಲಿ ತುಳು ಪ್ರಸಂಗಗಳು ಹುಲುಸಾಗಿ ಬೆಳೆಯುವುದಕ್ಕೆ ಹಲವು ದಶಕಗಳ ಮೊದಲೇ ಅವುಗಳ ದಾರಿ ಇಲ್ಲಿ ತೆರೆದಿತ್ತು.

ಹಾಡು, ರಚನೆ, ಪಾಠ ಮೂರರಲ್ಲಿಯೂ ದೊಡ್ಡ ಸಾಧನೆ ಮಾಡಿದ ಆಧುನಿಕ ಉದಾಹರಣೆ ಬಲಿಪ ನಾರಾಯಣ ಭಾಗವತರು. ಪೆರ್ಲ ಸಮೀಪದ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಅವರು, ಅದೇ ಹೆಸರಿನ ಪ್ರಸಿದ್ಧ ಭಾಗವತರಾಗಿದ್ದ ಅಜ್ಜನಿಂದ ವಿದ್ಯೆ ಪಡೆದು ಹದಿಹರೆಯದಲ್ಲಿಯೇ ರಂಗಕ್ಕೆ ಬಂದು, ಕಟೀಲು ಮೇಳದ ಪ್ರಧಾನ ಭಾಗವತರಾಗಿ ಬಹುಕಾಲ ದುಡಿದು, ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಯಲಿನ ಕೊನೆಯವರೆಗೆ ಕೇಳಿಸಬೇಕಾಗಿದ್ದ ಏರು ಶ್ರುತಿಯ, ಶಬ್ದ ಸ್ಪಷ್ಟವಾದ, ಅನಗತ್ಯ ಆಲಾಪವಿಲ್ಲದ ಹಾಡುಗಾರಿಕೆಯೇ ಬಲಿಪ ಶೈಲಿಯ ಗುರುತು. ಹಲವಾರು ಪ್ರಸಂಗಗಳನ್ನು ಕಂಠಸ್ಥ ಮಾಡಿಕೊಂಡಿದ್ದ ಅವರು ಪುಸ್ತಕದ ಹಂಗಿಲ್ಲದೆ ರಾತ್ರಿ ಪೂರ್ತಿ ಆಟ ನಡೆಸಬಲ್ಲವರಾಗಿದ್ದರು. ಮೂವತ್ತಕ್ಕೂ ಹೆಚ್ಚು ಪ್ರಸಂಗಗಳನ್ನು ಬರೆದ ಅವರ ದೊಡ್ಡ ಕೃತಿ, ಒಂದೇ ರಾತ್ರಿಗೆ ಅಳವಡುವ ದೇವೀಮಾಹಾತ್ಮ್ಯದ ಕಥೆಯನ್ನು ಐದು ದಿನಗಳ ಆಟವಾಗಿ ವಿಸ್ತರಿಸಿದ ಪ್ರಸಂಗ. ಯಾವ ವೇಷ ಎಷ್ಟು ಹೊತ್ತು ನಿಲ್ಲಬಲ್ಲದು, ಯುದ್ಧಪದಗಳ ನಡುವೆ ಹಿಮ್ಮೇಳಕ್ಕೆ ಎಲ್ಲಿ ಬಿಡುವು ಬೇಕು ಎಂಬುದನ್ನು ಮೈಯಲ್ಲಿ ಅರಿತವರಿಗೆ ಮಾತ್ರ ಸಾಧ್ಯವಾಗುವ ರಚನೆ ಅದು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅದಕ್ಕೆ ಸುಮಾರು ಒಂದು ವರ್ಷ ಮೊದಲೇ ಅವರ ಹಾದಿಯ ಭಾಗವತರಾಗಿದ್ದ ಮಗ ಬಲಿಪ ಪ್ರಸಾದರು ತೀರಿಕೊಂಡಿದ್ದರಿಂದ ಈ ಮನೆತನದ ಗಾಯನಕ್ಕೆ ಒದಗಿದ ಪೆಟ್ಟು ಸಣ್ಣದಲ್ಲ.

ಗಡಿಯ ಆಚೆ, ಕರ್ನಾಟಕದಲ್ಲಿಯೂ ಇದೇ ಬಗೆಯ ಸಾಧಕರಿದ್ದರು. ಕಟೀಲು ಮೇಳದ ಭಾಗವತರಾಗಿದ್ದ ಬೊಟ್ಟಿಕೆರೆ ಪುರುಷೋತ್ತಮ ಪೂಂಜರು ‘ಮಾನಿಷಾದ’ವೇ ಮುಂತಾದ ಪ್ರಸಂಗಗಳಿಂದ ಕವಿಯೆಂದೂ ಹೆಸರಾದರು. ವೃತ್ತಿಯಿಂದ ಅಧ್ಯಾಪಕರಾಗಿದ್ದ ಅಮೃತ ಸೋಮೇಶ್ವರರು ಮೇಳದಲ್ಲಿ ಹಾಡದೆಯೂ ರಂಗಕ್ಕೆ ಒಪ್ಪುವ ಪ್ರಸಂಗಗಳನ್ನು ಕನ್ನಡ ತುಳುಗಳೆರಡರಲ್ಲಿಯೂ ಬರೆದು, ಹಾಡಿ ಬಲ್ಲವನ ಪ್ರಸಂಗವೇ ಬಾಳುತ್ತದೆಂಬ ನಿಯಮಕ್ಕೆ ಗೌರವದ ಅಪವಾದವಾದರು. ಗಡಿಯ ಈಚೆ, ಕಾಸರಗೋಡಿನ ಒಳನಾಡಾದ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಶಾಲೆಯ ಅಧ್ಯಾಪನ, ಪ್ರಸಂಗರಚನೆ ಮತ್ತು ಕಲಾಶಿಕ್ಷಣಗಳನ್ನು ಒಟ್ಟುಗೂಡಿಸಿ ಗೋಪಾಲಕೃಷ್ಣ ಯಕ್ಷಗಾನ ಕಲಾಸಂಘವನ್ನು ಬೆಳೆಸಿದರು. ಆ ಸಂಘದಲ್ಲಿ ಪಳಗಿದವರು ವೃತ್ತಿಮೇಳಗಳಿಗೂ ತಾಳಮದ್ದಳೆಗೂ ಹೋಗಿದ್ದಾರೆ.

ಭಾಗವತಿಕೆಯ ಪಾಠ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗುವಂಥದು. ಶಿಷ್ಯ ಮೊದಲು ತಾಳಗಳನ್ನು ಕೈಯಲ್ಲಿ ಹಾಕಿ, ಮದ್ದಳೆಯ ನುಡಿಗಳನ್ನು ಬಾಯಿತಾಳವಾಗಿ ಹೇಳಿ, ಬಿಡ್ತಿಗೆ ಮತ್ತು ಮುಕ್ತಾಯಗಳನ್ನು, ಅಂದರೆ ಪದದ ನಡುವಿನ ಕುಣಿತದ ತುಣುಕುಗಳನ್ನೂ ಅದನ್ನು ಮುಗಿಸುವ ಪೆಟ್ಟುಗಳನ್ನೂ, ಎಣಿಕೆ ತಪ್ಪದೆ ಒಪ್ಪಿಸಬೇಕು. ಆ ಬಳಿಕವೇ ಪದ. ಒಳ್ಳೆಯ ಗುರುಗಳು ಹಾಡುವವನಿಗೂ ಚೆಂಡೆ ಮದ್ದಳೆಯನ್ನು ಒಂದು ಹಂತದವರೆಗೆ ಕಲಿಸದೆ ಬಿಡುವುದಿಲ್ಲ. ಮಾಂಬಾಡಿ ನಾರಾಯಣ ಭಾಗವತರೂ ಅವರ ಮಗ ಮಾಂಬಾಡಿ ಸುಬ್ರಹ್ಮಣ್ಯ ಭಟ್ಟರೂ ಈ ಕ್ರಮದಿಂದ ಹಿಮ್ಮೇಳದ ಎಷ್ಟೋ ಕಲಾವಿದರನ್ನು ತಯಾರಿಸಿದ್ದು, ತೆಂಕುತಿಟ್ಟಿನ ಇಂದಿನ ಹಾಡುಗಾರಿಕೆಯಲ್ಲಿ ಅವರ ಮನೆಯ ಪಾಠದ ಅಚ್ಚು ಎದ್ದು ಕಾಣುತ್ತದೆ. ಚೆಂಡೆ ಮದ್ದಳೆಗಳಲ್ಲಿ ದಿವಾಣ ಭೀಮ ಭಟ್ಟರು ಮತ್ತು ನೆಡ್ಲೆ ನರಸಿಂಹ ಭಟ್ಟರು ಅಂಥದೇ ಗುರುಗಳಾಗಿದ್ದರು. ಧರ್ಮಸ್ಥಳದಲ್ಲಿ 1972ರಲ್ಲಿ ಆರಂಭವಾದ ಲಲಿತಕಲಾ ಕೇಂದ್ರ ಈ ಮನೆಪಾಠವನ್ನು ಒಂದು ಶಾಲೆಯ ಚೌಕಟ್ಟಿಗೆ ತಂದಿತು. ಅಲ್ಲಿ ನಾಟ್ಯ ಕಲಿಸಿದ ಪಡ್ರೆ ಚಂದು ಅವರೂ ಬಲಿಪರ ಊರಿನವರೇ. ಒಂದೇ ಹಳ್ಳಿ ಒಬ್ಬ ಮಹಾಭಾಗವತನನ್ನೂ ಒಬ್ಬ ಮಹಾನಾಟ್ಯಗುರುವನ್ನೂ ಕೊಟ್ಟಿದೆ ಎಂಬುದು ಈ ಸೀಮೆಯ ಸಾಂದ್ರತೆಯನ್ನು ಹೇಳುತ್ತದೆ.

ಕಾಸರಗೋಡು ಕೇರಳದ ಭಾಗವಾಗಿರುವುದರಿಂದ ಇಲ್ಲಿನ ಗುರುಗಳಿಗೆ ಬೇರೆಲ್ಲೂ ಇಲ್ಲದ ಒಂದು ಅವಕಾಶವೂ ಒದಗಿದೆ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆಯಾಗಿರುವ ಕಾರಣ, ಕನ್ನಡವೇ ಬಾರದ ದಕ್ಷಿಣ ಜಿಲ್ಲೆಗಳ ಶಾಲೆಗಳೂ ತಂಡ ಕಟ್ಟುತ್ತವೆ. ಅವರಿಗೆ ಕುಣಿತ, ಮಾತು, ವೇಷಗಳನ್ನು ಕಲಿಸಲು ಕಾಸರಗೋಡಿನ ಕಲಾವಿದರು ದೂರ ಪ್ರಯಾಣ ಮಾಡುತ್ತಾರೆ. ಮಲಯಾಳದ ಮಕ್ಕಳು ಕನ್ನಡದ ಅರ್ಥವನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ರಂಗವೇರುವುದು ಇದರ ಫಲ. ಕೆಲವೇ ವಾರಗಳಲ್ಲಿ ಮುಗಿಯುವ ಈ ಸ್ಪರ್ಧೆಯ ಪಾಠದಿಂದ ಭಾಗವತರು ಹುಟ್ಟುವುದಿಲ್ಲವಾದರೂ ಕಲಿಸುವವರಿಗೆ ಗೌರವದ ಸಂಪಾದನೆ ದೊರೆಯುತ್ತದೆ. ಕುಂಬಳೆ ಬಳಿಯ ಮುಜುಂಗಾವಿನಲ್ಲಿ ಪಾರ್ತಿಸುಬ್ಬನ ಹೆಸರಿನ ಕಲಾಕ್ಷೇತ್ರವಿದೆ. ಭಾಗವತ ಸಿರಿಬಾಗಿಲು ರಾಮಕೃಷ್ಣ ಮಯ್ಯರು ನಡೆಸುವ ಸಿರಿಬಾಗಿಲು ವೆಂಕಪ್ಪಯ್ಯ ಪ್ರತಿಷ್ಠಾನ ತರಬೇತಿ, ದಾಖಲಾತಿ ಮತ್ತು ಹಳೆಯ ಪರಿಕರಗಳ ಸಂಗ್ರಹದಲ್ಲಿ ತೊಡಗಿದೆ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು 2020ರಲ್ಲಿ ತೀರಿಕೊಳ್ಳುವವರೆಗೂ ಆಶ್ರಯದಾತರಷ್ಟೇ ಅಲ್ಲದೆ ಸ್ವತಃ ಭಾಗವತಿಕೆ ಮಾಡುವವರೂ ಆಗಿದ್ದರು.

ಹೆಂಗಸರಿಗೆ ಈ ವೃತ್ತಿ ಬಹುಕಾಲ ಮುಚ್ಚಿದ ಬಾಗಿಲಾಗಿತ್ತು. ಅದನ್ನು ತೆರೆದವರು 1947ರಲ್ಲಿ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು. ಶಾಸ್ತ್ರೀಯ ಸಂಗೀತ ಕಲಿತಿದ್ದ ಅವರು ಮದುವೆಯ ಬಳಿಕ, ಚೆಂಡೆ ಮದ್ದಳೆಗಳ ಕಲಾವಿದರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನದ ತಾಳ ಮತ್ತು ರಂಗನಡೆಯನ್ನು ಅರಿತು, ವೃತ್ತಿಮೇಳಗಳಲ್ಲಿ ತಿರುಗಾಟ ಮಾಡಿದ ಮೊದಲ ಮಹಿಳಾ ಭಾಗವತರಾದರು. ಗಂಡು ಕಲಾವಿದರೇ ತುಂಬಿದ ಮೇಳದಲ್ಲಿ, ರಾತ್ರಿಯೆಲ್ಲ ಹಾಡಿ ಹಗಲು ಮುಂದಿನ ಊರಿಗೆ ಸಾಗುವ ಬದುಕನ್ನು ಅವರು ವರ್ಷಗಟ್ಟಲೆ ನಡೆಸಿದ್ದಲ್ಲದೆ, ಗಂಡುಶ್ರುತಿಯ ಪದಗಳನ್ನು ತಮ್ಮ ಕಂಠಕ್ಕೆ ಹೊಂದಿಸಿಕೊಂಡು ವೀರರಸದಲ್ಲಿಯೂ ಸೈ ಎನಿಸಿಕೊಂಡರು. ಬಳಿಕ ಗುರುವಾಗಿಯೂ ಅನೇಕರಿಗೆ ಕಲಿಸಿ, ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿಗೆ ಪಾತ್ರರಾಗಿ, 2024ರ ಡಿಸೆಂಬರಿನಲ್ಲಿ ನಿಧನರಾದರು. ಈಗ ತರುಣಿಯರು ತಾಳಮದ್ದಳೆಗಳಲ್ಲಿ ಮತ್ತು ಪದಗಳನ್ನಷ್ಟೇ ಹಾಡುವ ಗಾನವೈಭವಗಳಲ್ಲಿ ಧಾರಾಳವಾಗಿ ಹಾಡುತ್ತಾರೆ.

ಹಾಡಿನ ಶೈಲಿಯೂ ಒಂದೇ ತೆರನಾಗಿ ಉಳಿದಿಲ್ಲ. ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ರಾಗಮಾಧುರ್ಯವನ್ನು ಮುಂದೆ ತಂದರೆ, ಸುರತ್ಕಲ್ ಮೇಳದಲ್ಲಿ ಬೆಳೆದ ಪದ್ಯಾಣ ಗಣಪತಿ ಭಟ್ಟರು ತುಂಬುಕಂಠದಿಂದ ತಮ್ಮದೇ ಜಾಡು ಮಾಡಿದರು. ಧ್ವನಿವರ್ಧಕ ಬಂದ ಮೇಲೆ ಕಂಠದ ಬಲಕ್ಕಿಂತ ಬೆಡಗಿಗೆ ಬೆಲೆ ಹೆಚ್ಚಿತು. ಕ್ಯಾಸೆಟ್ಟು ಮತ್ತು ಯೂಟ್ಯೂಬುಗಳ ಮೂಲಕ ಒಂದೊಂದೇ ಪದ ಪ್ರಸಿದ್ಧವಾಗುವುದರಿಂದ, ಪ್ರಸಂಗದ ನಡೆಗಿಂತ ಬಿಡಿ ಹಾಡಿಗೆ ಚಪ್ಪಾಳೆ ಗಿಟ್ಟಿಸುವ ಒತ್ತಡ ಹಾಡುಗಾರರ ಮೇಲಿದೆ. ಪಾತ್ರದ ಭಾವಕ್ಕೆ ಹೊರತಾಗಿ ಬೆಳೆಸಿದ ಆಲಾಪ ಎಷ್ಟೇ ಸೊಗಸಾಗಿದ್ದರೂ ಅದು ಭಾಗವತಿಕೆಯಲ್ಲವೆಂಬ ಹಿರಿಯರ ಮಾತು ಇಲ್ಲಿ ನ್ಯಾಯವಾದುದೇ. ಇನ್ನೊಂದು ಕಡೆ ಅದೇ ತಂತ್ರಜ್ಞಾನದಿಂದ ಹಳೆಯ ಭಾಗವತರ ಧ್ವನಿಗಳೂ, ಉಡುಪಿಯ ಪಾವಂಜೆ ಗುರುರಾಯರ ಮುದ್ರಣದಂಥ ಪ್ರತಿಗಳಲ್ಲಿ ಚದರಿದ್ದ ಪ್ರಸಂಗಗಳೂ ಕಲಿಯುವವರ ಕೈಗೆ ಎಟುಕುವಂತಾಗಿವೆ. ಯಕ್ಷವಾಹಿನಿ ಸಂಸ್ಥೆಯ ಪ್ರಸಂಗಕೋಶ ಇದರಲ್ಲಿ ಮಾಡಿರುವ ಕೆಲಸ ಬೆಲೆಯುಳ್ಳದ್ದು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಮೇಳಗಳ ತಿರುಗಾಟಕ್ಕೆ ಗಡಿ ಅಡ್ಡ ಬರಲಿಲ್ಲ. ಕಲಾವಿದನ ಮನೆ ಇತ್ತ, ಮೇಳ ಅತ್ತ ಎಂಬ ಸ್ಥಿತಿ ಅಂದಿನಿಂದ ಸಾಮಾನ್ಯವಾಗಿದೆ. ಗಡಿಯಾಚೆಯ ಕರ್ನಾಟಕ ಯಕ್ಷಗಾನ ಅಕಾಡೆಮಿಯ ಅತ್ಯುನ್ನತ ಗೌರವವೂ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿದೆ. ಆದರೆ ಮೇಳದ ದುಡಿಮೆಗೆ ನಿವೃತ್ತಿವೇತನವಿಲ್ಲದಿರುವುದರಿಂದ, ಕಂಠ ಸೋತ ಭಾಗವತನ ಮುಪ್ಪು ಮಕ್ಕಳ ಮತ್ತು ಅಭಿಮಾನಿಗಳ ಕೈಯಲ್ಲಿ ಉಳಿಯುತ್ತದೆ. ಸ್ವತಃ ಭಾಗವತರಾದ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಸ್ಥಾಪಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್, ಕಲಾವಿದರಿಗೆ ಮನೆ, ವಿಮೆ ಮತ್ತು ಚಿಕಿತ್ಸೆಯ ನೆರವು ನೀಡುವುದರೊಂದಿಗೆ ಶಾಲೆಗಳಲ್ಲಿ ಯಕ್ಷಗಾನದ ಪಾಠವನ್ನೂ ನಡೆಸುತ್ತಿದೆ.